ಎರಡು ಗಂಟೆಯ ಕೂಲಿ

ಪೆರುಂಗುಡಿಯ ನಮ್ಮ ಮನೆಯ ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮಷಿನ್ ಇಡುವ ಗೋಡೆಗೆ ಹಿಂದೆ ಇದ್ದವರು ಪ್ಲೈವುಡ್ ಹೊಡೆಸಿದ್ದರು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ಮಳೆ ಸುರಿದಾಗ ಅದು ನೀರು ಕುಡಿದು ಹಪ್ಪಳದ ಹಾಗೆ ಉಬ್ಬಿತು. ಪಳ್ಳಿಕರಣೈ ಜೌಗಿನ ಮಗ್ಗುಲಲ್ಲಿರುವ ಊರು ಇದು. ಗೋಡೆಯ ತೇವ ಬೇಸಿಗೆಯಲ್ಲೂ ಪೂರ್ತಿ ಆರುವುದಿಲ್ಲ. ನಾಳೆ ನಾಡಿದ್ದು ಎಂದು ಮುಂದೂಡುತ್ತ ಬಂದು, ಕೊನೆಗೆ ಅದನ್ನು ಕಿತ್ತು ಫೈಬರ್ ಸಿಮೆಂಟ್ ಬೋರ್ಡ್ ಹಾಕಿಸುವುದೆಂದು ತೀರ್ಮಾನಿಸಿದೆವು. ಅದು ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ, ಬೆಂಕಿಗೂ ಸುಲಭಕ್ಕೆ ಜಗ್ಗುವುದಿಲ್ಲ.

ಕೆಲಸಕ್ಕೆ ಬಂದ ಕಾರ್ಪೆಂಟರ್ ದೇಂಕನಿಕೋಟೆ ಕಡೆಯವರು. ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು "ನೀವು ಕನ್ನಡದೋರಾ ಅಕ್ಕ?" ಎಂದರು. ಚೆನ್ನೈನಲ್ಲಿ ಈ ಪ್ರಶ್ನೆ ಕೇಳಿಸಿಕೊಂಡರೆ ಆಗುವ ಖುಷಿ ಹೊರಗಿರುವವರಿಗೆ ಗೊತ್ತು. ಕಾಫಿ ಆಯಿತು, ಊರಿನ ಮಾತಾಯಿತು. ಆಮೇಲೆ ಅವರು ಬೋರ್ಡನ್ನು ಎರಡು ಸ್ಟೂಲುಗಳ ಮೇಲಿಟ್ಟು, ತಲೆಯ ಟವೆಲನ್ನು ಬಿಚ್ಚಿ ಮೂಗಿಗೆ ಕಟ್ಟಿಕೊಂಡು, ಕಟಿಂಗ್ ಮಷಿನ್ ಹಚ್ಚಿದರು.

ಒಂದು ನಿಮಿಷ ಹಿಡಿಯಲಿಲ್ಲ, ಬಾಲ್ಕನಿ ತುಂಬ ಬಿಳಿ ಮೋಡ. ತುಳಸಿ ಗಿಡ, ಒಣಗಲು ಹಾಕಿದ ಬಟ್ಟೆ, ಅಡುಗೆಮನೆಯ ಕಟ್ಟೆ ಎಲ್ಲದರ ಮೇಲೂ ಹುಡಿ. ನಾನು ಮಾಡಿದ ಮೊದಲ ಕೆಲಸ, ಓಡಿಹೋಗಿ ಕಿಟಕಿ ಮುಚ್ಚಿದ್ದು. ಗಾಜಿನ ಒಳಗೆ ನಾನು, ಹೊರಗೆ ಅವರು. ಆಗ ನೆನಪಾಯಿತು: ಈ ಹುಡಿಯ ಬಗ್ಗೆ ನಾನೇ ಬರೆದಿದ್ದೇನೆ.

ನನ್ನ ಹೊಟ್ಟೆಪಾಡು ಅನುವಾದ. ಕಥೆ, ಕಾದಂಬರಿ ವರ್ಷಕ್ಕೊಂದು ಬಂದರೆ ಹೆಚ್ಚು. ಉಳಿದದ್ದೆಲ್ಲ ಬಳಕೆದಾರರ ಕೈಪಿಡಿ, ಸುರಕ್ಷತಾ ಸೂಚನೆ, ಬ್ಯಾಂಕಿನ ಅರ್ಜಿ. ಕೆಲವು ವರ್ಷಗಳ ಹಿಂದೆ ಇಂಥದೇ ಬೋರ್ಡಿನ ಸೂಚನಾ ಪತ್ರವನ್ನು ಕನ್ನಡಕ್ಕೆ ತಂದಿದ್ದೆ. "ಧೂಳನ್ನು ಉಸಿರಾಡುವುದನ್ನು ತಪ್ಪಿಸಿ" ಎಂಬುದು ನನ್ನದೇ ವಾಕ್ಯ. ಪದಕ್ಕಿಷ್ಟು ಎಂದು ದುಡ್ಡು ಪಡೆದು ಮರೆತೂ ಬಿಟ್ಟಿದ್ದೆ. ಈಗ ಕಿಟಕಿಯ ಬಳಿ ನಿಂತು ಯೋಚಿಸಿದರೆ, ಭಾಷಾವಿಜ್ಞಾನದ ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. "ತಪ್ಪಿಸಿ" ಎಂದು ಹೇಳುತ್ತಿರುವುದು ಯಾರಿಗೆ?

ಮೊದಲು ಆ ಹುಡಿಯಲ್ಲಿ ಏನಿದೆ ಎಂದು ನೋಡೋಣ. ಫೈಬರ್ ಸಿಮೆಂಟ್ ಬೋರ್ಡ್ ಎಂದರೆ ಸಿಮೆಂಟು, ನುಣ್ಣನೆ ಮರಳು ಅಥವಾ ಹಾರುಬೂದಿ, ಮತ್ತು ಮರದ ತಿರುಳಿನ ನಾರು. ಮರಳಿನಲ್ಲಿರುವುದು ಹರಳು ರೂಪದ ಸಿಲಿಕಾ. ಬೋರ್ಡು ಗೋಡೆಯ ಮೇಲೆ ಸುಮ್ಮನಿದ್ದರೆ ಯಾವ ಅಪಾಯವೂ ಇಲ್ಲ. ವೇಗವಾಗಿ ತಿರುಗುವ ಬ್ಲೇಡು ಅದನ್ನು ಅರೆದಾಗ ತೊಂದರೆ ಶುರು. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಶ್ವಾಸಕೋಶದ ತಳಕ್ಕೆ ಇಳಿಯುವ ಕಣ ನಾಲ್ಕೈದು ಮೈಕ್ರಾನಿಗಿಂತ ಚಿಕ್ಕದು. ಅಂದರೆ ಕಣ್ಣಿಗೆ ಕಾಣುವ ಹುಡಿಗಿಂತ ಕಾಣದ ಹುಡಿಯೇ ಕೆಟ್ಟದ್ದು, ಮತ್ತು ಅದಕ್ಕೆ ಟವೆಲು ಜರಡಿಯಿದ್ದ ಹಾಗೆ. ಒಳಹೊಕ್ಕ ಕಣವನ್ನು ದೇಹ ಕರಗಿಸಲಾರದು. ಅದರ ಸುತ್ತ ಗಾಯದ ಕಲೆ ಕಟ್ಟುತ್ತ ಹೋಗುತ್ತದೆ. ಅದು ಸಿಲಿಕೋಸಿಸ್. ವಾಸಿಯಾಗುವ ಕಾಯಿಲೆಯಲ್ಲ. ಅದು ಬಂದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಇದು ಕನ್ನಡನಾಡಿಗೆ ಹೊಸ ಸುದ್ದಿಯೇನಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಸಾವಿರಾರು ಕಾರ್ಮಿಕರ ಎದೆ ಪರೀಕ್ಷೆ ನಡೆದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ಜಗತ್ತಿನ ಗಣಿಗಳೆಲ್ಲ ಇದರಿಂದ ಕಲಿತ ಮೊದಲ ಪಾಠ ಬಹಳ ಸರಳ: ಕಲ್ಲನ್ನು ಒಣಗಿದ್ದಾಗ ಕೊರೆಯಬೇಡ, ನೀರು ಬಿಡು. ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದೇ ಹುಡಿ ಈಗ ನಮ್ಮ ಬಾಲ್ಕನಿಗಳಿಗೆ ಬಂದಿದೆ, ಪಾಠ ಮಾತ್ರ ಜೊತೆಗೆ ಬಂದಿಲ್ಲ.

ಇಲ್ಲಿ ಹೆಸರಿನ ಗೊಂದಲವೂ ಒಂದಿದೆ. ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎಂಬ ಒಳ್ಳೆಯ ಪದವಿದೆ. ತಮಿಳಿನಲ್ಲೂ ಅದೇ, ಕಲ್ನಾರ್. ಕಲ್ಲಿನ ನಾರು. ಅಪಾಯ ನಾರಿನಲ್ಲಿದೆ ಎಂದು ಪದವೇ ಹೇಳುತ್ತದೆ. ಆದರೆ ಬೆಂಗಳೂರಿನಲ್ಲಾಗಲಿ ಚೆನ್ನೈನಲ್ಲಾಗಲಿ ಅಂಗಡಿಗೆ ಹೋಗಿ ಯಾರೂ ಕಲ್ನಾರು ಕೇಳುವುದಿಲ್ಲ. ಅಲ್ಲಿ ಅದು ಸಿಮೆಂಟ್ ಶೀಟು. ಅದನ್ನೇ ಫೈಬರ್ ಸಿಮೆಂಟ್ ಶೀಟು ಎಂದು ಕರೆದು ಮಾರುವುದೂ ಉಂಟು. ಅರವತ್ತಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ; ನಾವು ಈಗಲೂ ಹೊರಗಿನಿಂದ ತರಿಸಿಕೊಂಡು ಸೂರಿಗೆ ಹೊದಿಸುತ್ತೇವೆ. ಹೊಸ ಬೋರ್ಡಿನಲ್ಲಿ ನಾರು ನಿರುಪದ್ರವಿ, ಮರಳೇ ಅಪಾಯ. ಹಳೆಯ ಶೀಟಿನಲ್ಲಿ ನಾರೇ ಅಪಾಯ. ಎರಡಕ್ಕೂ ಬಾಯಲ್ಲಿ ಒಂದೇ ಹೆಸರು. ಹಾಗಾಗಿ ಕೊಳ್ಳುವಾಗ "ಆಸ್ಬೆಸ್ಟಾಸ್ ಇಲ್ಲ ತಾನೇ?" ಎಂದು ಕೇಳಿ, ಬೋರ್ಡಿನ ಮೇಲೆ ಹಾಗೆ ಮುದ್ರಿಸಿದೆಯೇ ನೋಡಿಯೇ ತನ್ನಿ. ಟೆರೇಸಿನ ಹಳೆಯ ಶೀಟನ್ನಂತೂ ಮಷಿನ್ ಹಾಕಿ ಕೊಯ್ಯಿಸಬೇಡಿ, ಸುತ್ತಿಗೆಯಿಂದ ಒಡೆಸಬೇಡಿ.

ನಮ್ಮ ಬಾಲ್ಕನಿಗೆ ಮರಳುತ್ತೇನೆ. ಕಿಟಕಿ ತೆರೆದು ಮಷಿನ್ ನಿಲ್ಲಿಸಲು ಹೇಳಿದೆ. ನೀರು ಹಾಕಿಕೊಂಡು ಕೊಯ್ಯಬಾರದೇ ಎಂದು ಕೇಳಿದೆ. "ಇದು ಅದಕ್ಕಿರೋ ಮಷಿನ್ ಅಲ್ಲಕ್ಕ, ಶಾಕ್ ಹೊಡೀತದೆ" ಎಂದರು. ಅವರ ಮಾತು ಸರಿ. ಹಾಗಾದರೆ ಗೀರಿ ಮುರಿಯಬಹುದಲ್ಲ ಎಂದೆ. ನಾನೇ ಅನುವಾದಿಸಿದ್ದ ವಿಧಾನ ಅದು: ತುದಿಗೆ ಕಾರ್ಬೈಡ್ ಇರುವ ಚಾಕುವಿನಿಂದ, ಅಲ್ಯೂಮಿನಿಯಂ ಪಟ್ಟಿ ಹಿಡಿದು, ಒಂದೇ ಗೆರೆಯ ಮೇಲೆ ಹಲವು ಸಲ ಆಳವಾಗಿ ಗೀರಬೇಕು, ಆಮೇಲೆ ಪಟ್ಟಿಯನ್ನು ಒತ್ತಿಹಿಡಿದು ಬೋರ್ಡನ್ನು ಎತ್ತಿದರೆ ಗೆರೆಯಲ್ಲೇ ಮುರಿಯುತ್ತದೆ. ನಮ್ಮದು 8 ಮಿಲಿಮೀಟರ್ ಬೋರ್ಡು, ಅದಕ್ಕೆ ಇದು ಸಾಕು. ಮೇಲೇಳುವ ಹುಡಿ ತೀರ ಕಡಿಮೆ.

ಅವರು ನಕ್ಕರು. "ಗೊತ್ತಕ್ಕ. ಆ ಚಾಕು ಮನೇಲಿದೆ. ಮಷಿನಾದ್ರೆ ಒಂದು ಕಟ್ಟು ಎರಡು ನಿಮಿಷ, ಅದರಲ್ಲಿ ಹತ್ತು ನಿಮಿಷ. ನೀವು ಕೊಡ್ತಿರೋದು ಚದರಡಿ ಲೆಕ್ಕ. ಟೈಮಿಗೆ ಯಾರು ಕೊಡ್ತಾರೆ?"

ಹಿಂದಿನ ಸಂಜೆ ಆ ಚದರಡಿ ದರವನ್ನು ಚೌಕಾಸಿ ಮಾಡಿ ಇಳಿಸಿದವಳು ನಾನೇ.

ಇಷ್ಟು ವರ್ಷ ನಾನು ನಂಬಿಕೊಂಡಿದ್ದು, ಎಚ್ಚರಿಕೆ ಇಂಗ್ಲಿಷಿನಲ್ಲಿದೆ, ಆದ್ದರಿಂದ ಕೆಲಸಗಾರರಿಗೆ ತಲುಪುತ್ತಿಲ್ಲ ಎಂದು. ಅದರಲ್ಲಿ ಅರ್ಧ ಸತ್ಯವಿದೆ. ಬೋರ್ಡಿನ ಕಟ್ಟಿಗೆ ಅಂಟಿಸುವ ಚೀಟಿ ಕನ್ನಡ, ತಮಿಳು, ಹಿಂದಿ, ಒಡಿಯಾದಲ್ಲಿ ಇರಲೇಬೇಕು. ಅದನ್ನು ಬಿಟ್ಟುಕೊಡುವ ಮಾತಿಲ್ಲ. ಆದರೆ ನನ್ನೆದುರು ನಿಂತಿದ್ದವರು ನನ್ನದೇ ಭಾಷೆಯವರು. ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಬಳಿ ಇಲ್ಲದಿದ್ದದ್ದು ಎರಡು ಗಂಟೆ. ಆ ಎರಡು ಗಂಟೆಯನ್ನು ನಾನು ಇಟ್ಟುಕೊಂಡಿದ್ದೆ.

ಆದ್ದರಿಂದ ನನ್ನ ವಾದ ಇಷ್ಟೇ. ಮನೆ ರಿಪೇರಿಯಲ್ಲಿ ಹುಡಿಯ ಹೊಣೆ ಕೊಯ್ಯುವವರದಲ್ಲ, ಕೊಯ್ಯಿಸುವವರದು. ಕಾನೂನು ಇಲ್ಲಿ ಬಂದು ಕೈ ಹಿಡಿಯುತ್ತದೆ ಎಂದು ಕಾಯುವ ಹಾಗಿಲ್ಲ. ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಕಾರ್ಖಾನೆ ಕಾಯ್ದೆ ಹೇಳಿತು, ಆದರೆ ನನ್ನ ಬಾಲ್ಕನಿ ಕಾರ್ಖಾನೆಯಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಬರೆದಾಗಲೇ ಹತ್ತು ಲಕ್ಷ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿದ್ದರು. ಕಲ್ನಾರು ಕಾರ್ಮಿಕರ ಬಗ್ಗೆ 1995ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಅವರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಕಾಪಾಡಬೇಕೆಂದಿತು. ರೋಗ ಅಷ್ಟು ತಡವಾಗಿ ತಲೆಯೆತ್ತುತ್ತದೆ. ಮನೆಯಿಂದ ಮನೆಗೆ ಹೋಗುವ ಕಾರ್ಪೆಂಟರಿನ ದಾಖಲೆ ಯಾರ ಬಳಿ ಇದೆ? ನಲವತ್ತು ವರ್ಷದ ನಂತರ ಅವರಿಗೆ ಉಸಿರು ಕಟ್ಟಿದರೆ ನನ್ನ ಬಾಲ್ಕನಿ ಯಾರ ನೆನಪಿನಲ್ಲೂ ಇರುವುದಿಲ್ಲ.

"ಒಂದು ಎನ್95 ಮಾಸ್ಕ್ ಕೊಟ್ಟರೆ ಸಾಲದೇ?" ಎಂದು ಕೇಳುವವರಿದ್ದಾರೆ. ಕೊಡಿ, ಟವೆಲಿಗಿಂತ ಎಷ್ಟೋ ವಾಸಿ. ಆದರೆ ಚೆನ್ನೈನ ಮೇ ತಿಂಗಳ ಸೆಕೆಯಲ್ಲಿ ಅದನ್ನು ಹಾಕಿಕೊಂಡು ಮೈಮುರಿಯುವ ಕೆಲಸವನ್ನು ನೀವು ಎಷ್ಟು ಹೊತ್ತು ಮಾಡಬಲ್ಲಿರಿ? ಗಡ್ಡವಿದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದೂ ಇಲ್ಲ. ಹುಡಿ ಏಳದ ಹಾಗೆ ಮಾಡುವುದು ಮೊದಲು, ಮಾಸ್ಕ್ ಆಮೇಲೆ. ನೇರ ಗೆರೆಗಳನ್ನು ಗೀರಿ ಮುರಿಸಿ. ಪೈಪಿನ ತೂತು, ಮೂಲೆಯ ಕಟ್ಟುಗಳಿಗೆ ಮಷಿನ್ ಬೇಕೇ ಬೇಕು ಎಂದಾದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಮಾಸ್ಕ್ ಹಾಕಿ ಮಾಡಿಸಿ. ಬಿದ್ದದ್ದನ್ನು ಒಣಪೊರಕೆಯಿಂದ ಗುಡಿಸಬೇಡಿ, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಇದಕ್ಕೆಲ್ಲ ಹಿಡಿಯುವ ಹೊತ್ತನ್ನು ದರ ಮಾತಾಡುವಾಗಲೇ ಸೇರಿಸಿ.

2022ರ ಏಪ್ರಿಲಿನಲ್ಲಿ ಪೆರುಂಗುಡಿಯ ಕಸದ ರಾಶಿಗೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆಯಾಡಿದ್ದನ್ನು ಇಲ್ಲಿಯವರು ಮರೆತಿಲ್ಲ. ನಾವು ಕಿಟಕಿ ಮುಚ್ಚಿದೆವು, ಮಾಸ್ಕ್ ಹಾಕಿದೆವು, ಇದು ನಮ್ಮ ಉಸಿರಿನ ಪ್ರಶ್ನೆ ಎಂದು ಸಿಕ್ಕಸಿಕ್ಕಲ್ಲಿ ಹೇಳಿದೆವು. ಹೇಳಬೇಕಾದ್ದೇ. ಅದೇ ನಾವು ಮನೆಯೊಳಗೆ ಇಂಥ ಮೋಡ ಎಬ್ಬಿಸಿ, ಕಿಟಕಿಯ ಆಚೆ ಇನ್ನೊಬ್ಬರನ್ನು ನಿಲ್ಲಿಸುತ್ತೇವೆ.

ಅಂದು ಅರ್ಧ ದಿನದ ಕೂಲಿ ಹೆಚ್ಚಿಗೆ ಕೊಡುವುದೆಂದು ಮಾತಾಯಿತು. ಮರುದಿನ ಚಾಕು ತಂದರು. ನಾಲ್ಕು ಬೋರ್ಡು ಮುಗಿಯುವಾಗ ಮಧ್ಯಾಹ್ನವಾಯಿತು, ತುಳಸಿಯ ಮೇಲೆ ಹೊಸ ಹುಡಿ ಕೂರಲಿಲ್ಲ. ಹತ್ತು ದಿನದ ಮೇಲೆ ಮೂರನೇ ಮಹಡಿಯಿಂದ ಅದೇ ಮಷಿನಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ ಅವರೇ, ಮೂಗಿಗೆ ಟವೆಲು ಕಟ್ಟಿಕೊಂಡು. ಚಾಕು ಚೀಲದಲ್ಲೇ ಇತ್ತು. ನನ್ನನ್ನು ಕಂಡು ಸಂಕೋಚದಿಂದ ನಕ್ಕರು. ಅವರಿಗೆ ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ ಮನೆಯವರ ಹತ್ತಿರ ಮಾತಾಡಿದೆ.