ಟೇಬಲ್ಲಿನ ಹೊಟ್ಟೆಯಲ್ಲಿ ಟೇಬಲ್ಲು
ವೆಬ್‌ಸೈಟ್ ಕಟ್ಟುವವರು ಪುಟದ ವಿನ್ಯಾಸಕ್ಕೆ ಟೇಬಲ್ಲುಗಳ ಸಹವಾಸ ಬಿಟ್ಟು ಯಾವ ಕಾಲವಾಯಿತೋ, ಎಚ್‌ಟಿಎಂಎಲ್ ಇಮೇಲ್ ಬರೆಯುವವರಿಗೆ ಮಾತ್ರ ಇನ್ನೂ ಬಿಡುಗಡೆಯಿಲ್ಲ. ಜಿಮೇಲ್‌ನಲ್ಲಿ ಲಕ್ಷಣವಾಗಿ ಕಂಡ ದೀಪಾವಳಿ ರಿಯಾಯಿತಿಯ ಮೇಲನ್ನು ಔಟ್‌ಲುಕ್‌ನಲ್ಲಿ ತೆರೆದರೆ ಬಟನ್ನಿನ ದುಂಡು ಮೂಲೆಗಳು ಚೌಕವಾಗಿರುತ್ತವೆ, ಹಿನ್ನೆಲೆಯ ಚಿತ್ರ ಮಾಯ. ಇದರ ಮೂಲ 2007ರ ಔಟ್‌ಲುಕ್. ಮೇಲನ್ನು ತೆರೆಯ ಮೇಲೆ ಮೂಡಿಸಲು ಅಲ್ಲಿಯವರೆಗೆ ಬ್ರೌಸರಿನ ಎಂಜಿನ್ ಮಾಡುತ್ತಿದ್ದ ಕೆಲಸವನ್ನು ಮೈಕ್ರೋಸಾಫ್ಟ್ ಆಗ ವರ್ಡ್‌ಗೆ ಒಪ್ಪಿಸಿತು. ಪತ್ರ ಟೈಪಿಸುವ ತಂತ್ರಾಂಶ ಅದು; ವೆಬ್ ಪುಟ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ಅಂದರೆ ಅದಕ್ಕೇನು ಗೊತ್ತು? ಹಾಗಾಗಿ 600 ಪಿಕ್ಸೆಲ್ ಅಗಲದ ಟೇಬಲ್, ಅದರ ಹೊಟ್ಟೆಯಲ್ಲಿ ಇನ್ನೊಂದು, ಒಂದೊಂದು ಕೋಶಕ್ಕೂ ಬೇರೆಯಾಗಿ ಅಂಟಿಸಿದ ಸ್ಟೈಲು, ಔಟ್‌ಲುಕ್ ಮಾತ್ರ ಓದುವ ಕಂಡೀಷನಲ್ ಕಾಮೆಂಟುಗಳು. ಹೊಸ ಔಟ್‌ಲುಕ್ ವರ್ಡ್‌ನ ಕೈಬಿಟ್ಟಿದೆ, ನಿಜ. ಹಳೆಯದು ಕಚೇರಿಗಳಲ್ಲಿ ಓಡುತ್ತಿರುವಾಗ ಟೇಬಲ್ ತೆಗೆಯುವ ಧೈರ್ಯ ಯಾರಿಗಿದೆ? ಜಿಮೇಲಿನ ಕಾಟ ಬೇರೆ ನಮೂನೆಯದು. ಕೋಡು ಸುಮಾರು 102 ಕೆಬಿ ದಾಟಿತೋ, ಉಳಿದದ್ದಕ್ಕೆ ಕತ್ತರಿ. ಅನ್‌ಸಬ್‌ಸ್ಕ್ರೈಬ್ ಕೊಂಡಿ ಇರುವುದು ತಳದಲ್ಲೇ ತಾನೆ, ಹೋಗುವುದೂ ಅದೇ (ಕೆಲವು ಕಂಪನಿಗಳಿಗೆ ಇದರಿಂದ ಬೇಸರವೇನೂ ಆಗಲಿಕ್ಕಿಲ್ಲ). ಕನ್ನಡದಲ್ಲಿ ಸುದ್ದಿಪತ್ರ ಕಳಿಸುವವರು ಇನ್ನಷ್ಟು ಬಿಗಿಯಾಗಿ ಬರೆಯಬೇಕು: ಯುಟಿಎಫ್-8ರಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್ ಸಾಕು, ನಮ್ಮ ‘ಕ’ಕ್ಕೆ 3, ‘ಕ್ಷ’ಕ್ಕೆ 9.