ಮುದಿ ಕಂಪ್ಯೂಟ್ರನ್ನ ಗುಜರಿಗೆ ಹಾಕಡಿ

ಜಗಲಿ ಮೂಲೆಲಿ ಹಳೇ ಸೀರೆ ಮುಚ್ಚಿ ಇಟ್ಟ ಕಂಪ್ಯೂಟ್ರು ಸಾಗರ, ಹೊಸನಗರ, ತೀರ್ಥಹಳ್ಳಿ ಬದಿಗೆ ಎಷ್ಟು ಮನೆಲಿ ಇಲ್ಲೆ ಹೇಳಿ? ಮಾಣಿ ಓದಕ್ಕಿದ್ರೆ ತಂದಿದ್ದು, ಅಂವ ಬೆಂಗ್ಳೂರು ಸೇರಿದ ಮೇಲೆ ಯಾರೂ ಮುಟ್ಟಿದ್ದಿಲ್ಲೆ. "ಅದು ಸತ್ತೋತು, ಹೊಸಾ ಲ್ಯಾಪ್‌ಟಾಪ್ ತಗಳಿ" ಹೇಳಿ ರಿಪೇರಿ ಅಂಗಡಿಯವ ಹೇಳ್ತ. ಹಬ್ಬಕ್ಕೆ ಬಂದ ಮಾಣಿನೂ ಅದನ್ನೇ ಹೇಳ್ತ. ಯಂಗೆ ಸಿಟ್ಟು ಬಪ್ಪದು ಇಲ್ಲೇಯ. ಅದು ಸತ್ತಿದ್ದಿಲ್ಲೆ. ಹೊರಲಾಗದ ಹೊರೆ ಹೊರ್ಸಿಟ್ಟಿದ್ದ, ಅಷ್ಟೇ.

ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತೆ ಅಪ್‌ಡೇಟ್ ಕೊಡದನ್ನ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಸ್ತು. ವಿಂಡೋಸ್ 11 ಹಾಕಕ್ಕಾದ್ರೆ 4 ಜಿಬಿ ರ್‍ಯಾಮು, 64 ಜಿಬಿ ಜಾಗ, ಟಿಪಿಎಂ 2.0 ಎಲ್ಲಾ ಬೇಕು, ಪ್ರೊಸೆಸರು ಅವ್ರ ಪಟ್ಟಿಲೂ ಇರಕ್ಕು. 2010ರ ಯಂತ್ರ ಅದನ್ನೆಲ್ಲ ಎಲ್ಲಿಂದ ತರ್ತು? ಇಬ್ರಿಗೆ ಚಾ ಮಾಡಕ್ಕೆ ಮದುವೆಮನೆ ಕೊಪ್ಪರಿಗೆ ಒಲೆ ಮೇಲೆ ಇಟ್ಟಾಂಗೆ ಆತು. ನಮ್ಗೆ ಬೇಕಾದ್ದು ಅಡಕೆ ಲೆಕ್ಕ, ಮಹಿಳಾ ಸಂಘದ ಪತ್ರ, ಹಾಡು ಟೈಪ್ ಮಾಡದು, ಮೊಮ್ಮಕ್ಕಳ ಫೋಟೋ. ಕೊಪ್ಪರಿಗೆ ಎಂತಕ್ಕೆ?

ಪಾತ್ರೆ ಬದಲ್ಸಿರೆ ಸಾಕು. ಲಿನಕ್ಸ್ ಹೇಳದು ಪುಕ್ಕಟೆ, ಅದ್ರಲ್ಲಿ ಹಗೂರದ್ದು ಬೇಕಾದಷ್ಟು ಇದ್ದು. ಮೊದ್ಲು ರ್‍ಯಾಮು ಎಷ್ಟಿದ್ದು ನೋಡಕ್ಕು. 4 ಜಿಬಿ ಇದ್ರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆರಾಮಲ್ಲಿ ನಡೀತು, 2 ಜಿಬಿಲಿ ಏಗ್ತು. ಅದಕ್ಕಿಂತ ಕಮ್ಮಿ ಇದ್ರೆ ಆಂಟಿಎಕ್ಸ್. 512 ಎಂಬಿ ಸಾಕು ಹೇಳಿ ಅದನ್ನ ಮಾಡಿದವ್ರೇ ಹೇಳ್ತ. ಕೋರ್ 2 ಡ್ಯುಯೋ ಆದ್ರೆ 64 ಬಿಟ್ಟಿಂದೇ ಹಾಕಿ. ಅದ್ಕಿಂತ ಹಳೇ 32 ಬಿಟ್ ಯಂತ್ರಕ್ಕೆ ಮಿಂಟ್ ಆಗ್ತಿಲ್ಲೆ, ಆಂಟಿಎಕ್ಸ್ 23 ಆಗ್ತು.

ಇದೆಲ್ಲ ಮಾಡಕ್ಕಿಂತ ಮೊದ್ಲು ಒಂದು ಮಾತು, ಇದನ್ನ ಯಾವ ಅಂಗಡಿಯವನೂ ಹೇಳ್ತ್ನಿಲ್ಲೆ. ದೊಡ್ಡಮ್ಮಂದಿರ ಬಾಯಿಂದ ಕೇಳಿ ಬರಕಂಡ ಮದುವೆ ಹಾಡು, ಆರತಿ ಹಾಡು ಎಷ್ಟೋ ಮನೆಲಿ ಹಳೇ ನುಡಿ, ಬರಹದಲ್ಲಿ ಟೈಪ್ ಆಗಿ ಕೂತಿದ್ದು. ಕಾಂಬದು ಕನ್ನಡ, ಒಳಗಿರದು ಇಂಗ್ಲಿಷ್ ಅಕ್ಷರದ ನಂಬ್ರ. ಆ ಫಾಂಟ್ ಇಲ್ಲದ ಕಂಪ್ಯೂಟ್ರಲ್ಲಿ ತೆಗೆದ್ರೆ ಬರೀ ಗೀಚು. ಅದ್ಕೆ ವಿಂಡೋಸ್ ಇಪ್ಪಾಗಲೇ ಅದನ್ನೆಲ್ಲ ಯೂನಿಕೋಡಿಗೆ ಬದಲ್ಸಿ, ಪೆನ್‌ಡ್ರೈವಿಗೆ ಹಾಕಿ, ಒಂದ್ಸಲ ಮೊಬೈಲಲ್ಲಿ ತೆಗೆದು ಓದಿ ನೋಡಿ. "ಡಿಸ್ಕ್ ಪೂರ್ತಿ ಅಳಿಸಿ ಹೊಸಾದು ಹಾಕಿಕೊಡ್ತಿ" ಹೇಳವ್ನಿಗೆ ಆ ಹಾಡು ಎಂತದು ಹೇಳಿ ಗೊತ್ತಿರ್ತಿಲ್ಲೆ. ಹೇಳಿದ ದೊಡ್ಡಮ್ಮನೂ ಈಗ ಇಲ್ಲೆ.

"ಲಿನಕ್ಸಲ್ಲಿ ಕನ್ನಡ ಬತ್ತಿಲ್ಲೆ" ಹೇಳದು ಶುದ್ಧ ಸುಳ್ಳು. ಕೀಬೋರ್ಡ್ ಪಟ್ಟಿಲೇ ಕನ್ನಡ ಕಗಪ ಇದ್ದು, ಕೆ.ಪಿ. ರಾವ್ ಮಾಡಿದ ವಿನ್ಯಾಸ. ನುಡಿ ಕುಟ್ಟಿ ಅಭ್ಯಾಸ ಇದ್ದವ್ರ ಬೆರಳಿಗೆ ಹೊಸದಾಗಿ ಕಲಿಯದು ಎಂತೂ ಇಲ್ಲೆ. ಗುಬ್ಬಿ, ನವಿಲು ಹೇಳ ಫಾಂಟೂ ಪುಕ್ಕಟೆ ಸಿಗ್ತು.

"ಹೆಂಗಸ್ರಿಗೆ ಇದೆಲ್ಲ ತಿಳೀತಿಲ್ಲೆ" ಹೇಳದು ಇನ್ನೊಂದು. ಮಿಕ್ಸಿ, ಇನ್ವರ್ಟರು, ಫೋನ್‌ಪೇ ಎಲ್ಲ ಯಾರು ಕಲ್ಸಿದ್ದು? ಪೆನ್‌ಡ್ರೈವಿಂದ್ಲೇ ಅದನ್ನ ಶುರು ಮಾಡಿ ನೋಡಲಾಗ್ತು, ಡಿಸ್ಕ್ ಮುಟ್ಟದೇ ಬ್ಯಾಡ. ಶಬ್ದ ಬತ್ತಾ, ವೈಫೈ ಹಿಡೀತಾ, ಕನ್ನಡ ಕಾಣ್ತಾ, ಎರಡು ದಿನ ನೋಡಿ. ಹಿಡಿಸದಿದ್ರೆ ಪೆನ್‌ಡ್ರೈವ್ ತೆಗೆದ್ರಾತು.

ಎಲ್ಲಾ ಆಗ್ತು ಹೇಳಿ ಆನು ಹೇಳ್ತ್ನಿಲ್ಲೆ. ಟ್ಯಾಲಿಲಿ ಲೆಕ್ಕ ಬರೆಯವ್ರು ಅದನ್ನ ವಿಂಡೋಸಲ್ಲೇ ಇಟ್ಕಳಿ. ರ್‍ಯಾಮು ಹೆಚ್ಚು ತಿಂಬದು ಬ್ರೌಸರು. ಹತ್ತು ಪುಟ ಒಟ್ಟಿಗೆ ತೆಗೆದ್ರೆ ಯಾವ ಲಿನಕ್ಸೂ ಕಾಪಾಡ್ತಿಲ್ಲೆ. ದುಡ್ಡು ಹಾಕದೇ ಆದ್ರೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕ್ಸಿ, ಹೊಸಾ ಲ್ಯಾಪ್‌ಟಾಪಿಗೆ ಅಲ್ಲ.

ಇನ್ನೊಂದು, ಸುಮಾರು ವರ್ಷ ಬಿಟ್ಟು ಶುರು ಮಾಡಿದ ಕಂಪ್ಯೂಟ್ರಲ್ಲಿ ಯಾವ ಪುಟವೂ ತೆರೀದಿದ್ರೆ ಮೊದ್ಲು ತಾರೀಕು ನೋಡಿ. ಬೋರ್ಡಲ್ಲಿ ನಾಣ್ಯದಷ್ಟು ದೊಡ್ಡ ಸೆಲ್ಲು ಇರ್ತು, ಸಿಆರ್ 2032 ಹೇಳಿ. ಅದು ಮುಗಿದ್ರೆ ತಾರೀಕು ಹತ್ತಾರು ವರ್ಷ ಹಿಂದೆ ಹೋಗಿರ್ತು. ಎಷ್ಟೋ ಕಡೆ "ಸತ್ತೋತು" ಹೇಳಿ ತೀರ್ಪು ಕೊಡದು ಇದ್ನೇ ನೋಡಿ, ಮಾರಾಯ್ತಿ.