ಉಪಶಯ ದೊರೆತ ಮೇಲೂ ತಪಾಸಣೆ ಬೇಕು

ದೀರ್ಘಕಾಲದ ನರರೋಗಿಗಳಲ್ಲಿ ಕೊಂಚ ಗುಣ ಕಂಡೊಡನೆ ಒಂದು ಪ್ರಶ್ನೆ ಏಳುತ್ತದೆ. ಕಾಲಿನ ಜೋಮು ಇಳಿಯಿತು, ಕಣ್ಣಿನ ಮಂಜು ತಿಳಿಯಾಯಿತು, ಮತ್ತೇಕೆ ಎಂ.ಆರ್.ಐ., ಮತ್ತೇಕೆ ರಕ್ತಪರೀಕ್ಷೆ? ನಮ್ಮ ಆಯುರ್ವೇದ ವೈದ್ಯರಲ್ಲಿಯೇ ಕೆಲವರು ನಾಡಿ ಹಿಡಿದು "ಇನ್ನು ಅದೆಲ್ಲ ಬೇಡ" ಎನ್ನುವುದುಂಟು. ಈ ಮಾತನ್ನು ನಾವು ಒಪ್ಪುವುದಿಲ್ಲ.

ಮಲ್ಟಿಪಲ್ ಸ್ಕ್ಲೆರೋಸಿಸ್ ವ್ಯಾಧಿಯನ್ನೇ ನೋಡೋಣ. ದೇಹದ ರಕ್ಷಣಾಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮಯಲಿನ್ ಹೊದಿಕೆಯನ್ನು ಕೆಡಿಸುವುದು ಇದರ ಸ್ವರೂಪ. ಬಂದ ಆಘಾತವು ಅನೇಕ ಬಾರಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ಇಳಿತದ ಕೀರ್ತಿ ಆಗ ನಡೆಯುತ್ತಿದ್ದ ಔಷಧಕ್ಕೆ ಸಲ್ಲುತ್ತದೆ, ನಮ್ಮ ಕಷಾಯಕ್ಕೂ! ಆದರೆ ರೋಗಿಗೆ ಯಾವ ಬಾಧೆಯೂ ಇಲ್ಲದ ಅವಧಿಯಲ್ಲಿಯೂ ಎಂ.ಆರ್.ಐ.ಯಲ್ಲಿ ಹೊಸ ಕಲೆಗಳು ಮೂಡುತ್ತಿರಬಹುದು. ನರತಂತು ಶಿಥಿಲವಾದಾಗ ಅದರೊಳಗಿನ ನ್ಯೂರೋಫಿಲಮೆಂಟ್ ಎಂಬ ಪ್ರೋಟೀನು ಮಿದುಳು-ಬೆನ್ನುಹುರಿಯ ದ್ರವಕ್ಕೂ, ಅಲ್ಲಿಂದ ಅತ್ಯಲ್ಪ ಪ್ರಮಾಣದಲ್ಲಿ ರಕ್ತಕ್ಕೂ ಸೇರುತ್ತದೆ. ಅದನ್ನು ಅಳೆಯುವ ವಿಧಾನವೂ ಈಗ ಬಂದಿದೆ. ನಿದಾನಪಂಚಕದ ಭಾಷೆಯಲ್ಲಿ ಹೇಳುವುದಾದರೆ, ಉಪಶಯ ದೊರೆತ ಮಾತ್ರಕ್ಕೆ ಸಂಪ್ರಾಪ್ತಿ ಮುರಿಯಿತೆಂದು ಅರ್ಥವಲ್ಲ. ಗುಣವಾಯಿತೆಂದು ಫಿಂಗೋಲಿಮಾಡ್, ನಟಾಲಿಜುಮಾಬ್‌ನಂತಹ ಔಷಧಗಳನ್ನು ತಾವಾಗಿಯೇ ನಿಲ್ಲಿಸಿದರೆ ರೋಗವು ಮೊದಲಿಗಿಂತ ಉಗ್ರವಾಗಿ ಮರುಕಳಿಸಬಹುದು.

ಇದನ್ನೇ ಹೋಲುವ ಇನ್ನೊಂದು ವ್ಯಾಧಿ ನ್ಯೂರೋಮಯಲೈಟಿಸ್ ಆಪ್ಟಿಕಾ. ಕಣ್ಣಿನ ನರವನ್ನೂ ಬೆನ್ನುಹುರಿಯನ್ನೂ ಹಿಡಿಯುವ ಇದನ್ನು ಬಹುಕಾಲ ಮೊದಲಿನದರ ಒಂದು ಪ್ರಭೇದವೆಂದೇ ಅನೇಕರು ಭಾವಿಸಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಈ ರೋಗಿಗಳ ರಕ್ತದಲ್ಲಿ ವಿಶಿಷ್ಟವಾದೊಂದು ಪ್ರತಿಕಾಯವನ್ನು ಗುರುತಿಸಿದರು. ಅದು ಅಕ್ವಾಪೊರಿನ್-4 ಎಂಬ ಪ್ರೋಟೀನಿನ ಮೇಲೆರಗುತ್ತದೆಂದು ಮರುವರ್ಷ ತಿಳಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಹಿತವಾದ ಇಂಟರ್‌ಫೆರಾನ್ ಬೀಟಾ ಇಲ್ಲಿ ರೋಗವನ್ನು ಕೆರಳಿಸಬಲ್ಲದು. ಒಂದೇ ಆಘಾತಕ್ಕೆ ದೃಷ್ಟಿ ಹೋಗಬಹುದಾದ ವ್ಯಾಧಿಯಲ್ಲಿ ಈ ಭೇದವನ್ನು ಯಾವ ನಾಡಿಪರೀಕ್ಷೆಯೂ ಹೇಳಲಾರದು.

ಇಂತಹ ರೋಗಿಗಳು ರೋಗನಿರೋಧಕ ಶಕ್ತಿ ಹೆಚ್ಚಲೆಂದು ಮನೆಯಲ್ಲಿಯೇ ಅಮೃತಬಳ್ಳಿ ಕಷಾಯ ಕುಡಿಯುವುದುಂಟು. ಇವರಲ್ಲಿ ದಾರಿ ತಪ್ಪಿರುವುದೇ ಆ ಶಕ್ತಿ. ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಅಜಥಯೋಪ್ರಿನ್ ಸೇವಿಸುವವರಿಗೆ ಬಿಳಿ ರಕ್ತಕಣಗಳ ಮತ್ತು ಯಕೃತ್ತಿನ ಪರೀಕ್ಷೆ ಹೇಗೂ ಆಗುತ್ತಿರಬೇಕು. ನಾವು ಕೊಟ್ಟ ಔಷಧಗಳ ಚೀಟಿಯನ್ನೂ ನರರೋಗ ತಜ್ಞರಿಗೆ ತೋರಿಸಲಿ. ಅದರಿಂದ ನಮ್ಮ ಶಾಸ್ತ್ರದ ಗೌರವವೇನೂ ಕುಂದದು.

ನರಗಳು ಕ್ರಮೇಣ ಕ್ಷಯಿಸುವ ವ್ಯಾಧಿಗಳಲ್ಲಿ ಸೂಚಕಗಳ ವಿಷಯ ಇಷ್ಟು ಸರಳವಲ್ಲ. ಸ್ನಾಯುಗಳನ್ನು ಸೊರಗಿಸುವ ಎ.ಎಲ್.ಎಸ್. ರೋಗದ ಒಂದು ಆನುವಂಶಿಕ ಬಗೆಗೆ 2023ರಲ್ಲಿ ಅಮೆರಿಕದಲ್ಲಿ ಟೋಫರ್ಸೆನ್ ಔಷಧಕ್ಕೆ ಅನುಮತಿ ದೊರೆತದ್ದು ರಕ್ತದ ನ್ಯೂರೋಫಿಲಮೆಂಟ್ ಇಳಿದುದರ ಆಧಾರದ ಮೇಲೆ. 28 ವಾರಗಳ ಪ್ರಯೋಗದಲ್ಲಿ ಆ ಅಂಕಿ ಇಳಿದರೂ ರೋಗಿಗಳ ಸ್ಥಿತಿಯಲ್ಲಿ ನಿರೀಕ್ಷಿಸಿದ ಅಂತರ ಕಂಡಿರಲಿಲ್ಲ. ವಯಸ್ಸಾದಂತೆ ಈ ಪ್ರೋಟೀನು ಆರೋಗ್ಯವಂತರಲ್ಲಿಯೂ ಏರುತ್ತದೆ. ಆದ್ದರಿಂದ ವರದಿಯ ಅಂಕಿಯೊಂದನ್ನೇ ಕಂಡು ಹಿಗ್ಗುವುದಾಗಲಿ ಕುಗ್ಗುವುದಾಗಲಿ ಬೇಡ. ನಡಿಗೆ, ನುಂಗುವಿಕೆ, ಉಸಿರುಗಳನ್ನು ಜೊತೆಗಿಟ್ಟು ನೋಡಬೇಕು.

ಆಲ್‌ಝೈಮರ್ ಗುರುತಿಸಲು ನೆರವಾಗುವ ರಕ್ತಪರೀಕ್ಷೆಯೊಂದಕ್ಕೆ 2025ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಮರೆವಿನ ಲಕ್ಷಣ ಈಗಾಗಲೇ ಕಂಡವರಿಗೆ ಮಾತ್ರ, ಅದೂ ತಜ್ಞರ ಸಲಹೆಯ ಮೇರೆಗೆ. ಕನ್ನಡಕ ಇಟ್ಟ ಜಾಗ ಮರೆತೆವೆಂದು ಪ್ರಯೋಗಾಲಯಕ್ಕೆ ಓಡಬೇಕಿಲ್ಲ. ಮರೆವು ನಿಜವಾಗಿ ಹೆಚ್ಚುತ್ತಿದ್ದರೆ ಮೊದಲು ಬಿ-12 ಜೀವಸತ್ವ ಮತ್ತು ಥೈರಾಯ್ಡ್ ನೋಡಿಸಿರಿ. ಇವೆರಡರ ಕೊರತೆಯಿಂದ ಬಂದ ಮರೆವು ಸಕಾಲದ ಚಿಕಿತ್ಸೆಯಿಂದ ಸುಧಾರಿಸಬಲ್ಲದು, ಪರೀಕ್ಷೆಯೂ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿಯೇ ಸಾಮಾನ್ಯವಾಗಿ ದೊರೆಯುತ್ತದೆ.